ಜಮಾಲಸಾಬರ ಕಾರಿನ ಮೊದಲ ದೊಡ್ಡ ಸರ್ವೀಸು

ನರಗುಂದದ ಕಾಳಿನ ವ್ಯಾಪಾರಿ ಜಮಾಲಸಾಬರು ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಲ್ಲೇ ಭೀಷಣ ಪ್ರತಿಜ್ಞೆಯೊಂದನ್ನು ಮಾಡಿದರು. ತಮ್ಮ ಹೊಸ ಕಾರು ಹತ್ತು ಸಾವಿರ ಕಿಲೋಮೀಟರು ಓಡುವವರೆಗೆ ಯಾವ ಸರ್ವೀಸ್ ಸೆಂಟರಿನ ಹೊಸ್ತಿಲನ್ನೂ ತುಳಿಯಕೂಡದು ಎಂಬುದೇ ಆ ಪ್ರತಿಜ್ಞೆ.

ಅದಕ್ಕೆ ಕಾರಣ ಗದಗಿನಿಂದ ಬಂದಿದ್ದ ಒಂದು ಫೋನು. "ಸರ್, ನಿಮ್ಮ ಗಾಡಿ ಮೊದಲನೇ ದೊಡ್ಡ ಸರ್ವೀಸಿಗೆ ಬಂದೈತ್ರಿ. ವರ್ಷ ತುಂಬಿದ್ರೂ ಮಾಡಿಸ್ಬೇಕು, ಹತ್ತು ಸಾವಿರ ಕಿಲೋಮೀಟರ್ ಓಡಿದ್ರೂ ಮಾಡಿಸ್ಬೇಕು. ಎರಡರಾಗ ಯಾವುದು ಮೊದಲ ಬರ್ತೈತೋ ಅದು" ಎಂದು ಹುಡುಗಿಯೊಬ್ಬಳು ವಿನಯದಿಂದ ತಿಳಿಸಿದಳು.

ಜಮಾಲಸಾಬರು ಚೌಕಾಶಿಯಲ್ಲಿ ಪಳಗಿದವರು. "ಎರಡು ಕರಾರು ಇದ್ದ ಮ್ಯಾಲೆ ಆರಿಸ್ಕೊಳ್ಳೋ ಹಕ್ಕು ಕೊಂಡಾಂವಂದು, ಅವ್ವಾ. ನಾ ಕಿಲೋಮೀಟರ್ ಆರಿಸ್ಕೊಂಡೀನಿ" ಎಂದು ಫೋನಿಟ್ಟರು.

ಅವರ ಕಾರು ಓಡುತ್ತಿದ್ದುದೇ ಅಪರೂಪ. ಶುಕ್ರವಾರ ಮಸೀದಿಗೆ ಹೋಗಿ ಬರುತ್ತಿತ್ತು. ಮನಸ್ಸು ಬಂದರೆ ಸಂಜೆ ಕಾಲುವೆಯ ಸೇತುವೆಯವರೆಗೆ ಹೋಗಿ ಗಾಳಿ ತಿಂದು ಬರುತ್ತಿತ್ತು. ಮಿಕ್ಕ ಹೊತ್ತೆಲ್ಲ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹೆಸರುಕಾಳಿನ ಚೀಲಗಳ ಪಕ್ಕದಲ್ಲಿ ಮುಸುಕು ಹೊದ್ದು ಮಲಗಿರುತ್ತಿತ್ತು. ಮನೆಯ ಮುಂದೆ ನಿಲ್ಲಿಸಿದರೆ ಓಣಿಯ ಆಡುಗಳು ಅದರ ನೆತ್ತಿಯ ಮೇಲೆ ನಿಂತು ಬೇವಿನ ಸೊಪ್ಪು ತಿನ್ನುತ್ತಿದ್ದವು. ಗೋದಾಮಿಗಾದರೋ ಸಿಮೆಂಟಿನ ನೆಲ, ಕಬ್ಬಿಣದ ಶಟರು, ಭಾರಿ ಬೀಗ. ಒಳ್ಳೆಯ ಮಾಲನ್ನು ಇಡಲು ಅದಕ್ಕಿಂತ ಒಳ್ಳೆಯ ಜಾಗ ಅವರಿಗೆ ತಿಳಿದಿರಲಿಲ್ಲ.

"ವರ್ಷ ಆತಲ್ರೀ. ಸರ್ವೀಸ್ ಮಾಡಸ್ರಿ" ಎಂದರು ಹೆಂಡತಿ ಚಮನಬಿ.

"ಓಡಿದ್ದು ಸವೀತೈತಿ. ನಿಂತದ್ದು ಏನ್ ಸವೀತೈತಿ?"

"ಚೀಲದಾಗಿನ ಹೆಸರೂ ನಿಂತೇ ಇರ್ತೈತಿ. ಅದನ್ಯಾಕ ಆಗಾಗ ಬಿಸಲಿಗೆ ಹಾಕಸ್ತೀರಿ?"

"ಅದು ಕಾಳು, ಇದು ಕಾರು. ಕಾಳಿಗೆ ಹುಳ ಹಿಡೀತೈತಿ. ಇದಕ್ಕೇನ್ ಹಿಡೀತೈತಿ?"

"ಕಾರಿಗೆ ಏನೂ ಹಿಡದಿಲ್ಲ ಬಿಡ್ರಿ. ನಿಮಗ ಹಟ ಹಿಡದೈತಿ."

ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಅಷ್ಟರಲ್ಲಿ ಗಜೇಂದ್ರಗಡದಿಂದ ಚಮನಬಿಯವರ ತಂಗಿ ಸೈರಾಬಾನು ಫೋನು ಮಾಡಿದಳು. ಅವಳ ಮಗಳು ಕೌಸರಳ ನಿಶ್ಚಿತಾರ್ಥ ಗೊತ್ತಾಗಿತ್ತು. ತಂದೆಯಿಲ್ಲದ ಹುಡುಗಿ. ಹಿರಿಯರ ಜಾಗದಲ್ಲಿ ಕುಳಿತುಕೊಳ್ಳಬೇಕಾದವರು ಜಮಾಲಸಾಬರೇ. ಅವರ ಮನೆತನದಲ್ಲಿ ಹುಡುಗಿಯ ಬಾಯಿಗೆ ಮೊದಲ ಚಿಟಿಕೆ ಸಕ್ಕರೆಯನ್ನು ದೊಡ್ಡಮ್ಮನೇ ಹಾಕಬೇಕು. ಅಲ್ಲಿಯವರೆಗೆ ಉಂಗುರವಿಲ್ಲ.

"ಅಕ್ಕಾ, ಬೀಗರು ದೊಡ್ಡ ಮಂದಿ. ನೀವು ಕಾರಿನ್ಯಾಗ ಬಂದು ಬಾಗಲ್ದಾಗ ಇಳೀರಿ. ಈ ಹುಡುಗಿ ಹಿಂದ ಯಾರೋ ಅದಾರ ಅಂತ ಅವರ ಕಣ್ಣಿಗೆ ಬೀಳ್ಲಿ" ಎಂದಿದ್ದಳು ಸೈರಾಬಾನು.

ಆ ಮಾತು ಚಮನಬಿಯವರ ಎದೆಯಲ್ಲಿ ಕುಳಿತಿತು. "ಹೋಗೋಕಿಂತ ಮೊದಲಾದ್ರೂ ಒಮ್ಮೆ ಗಾಡಿ ತೋರಸ್ರಿ. ದಾರ್ಯಾಗ ನಿಂತ್ರ ನನ್ನ ತಂಗಿ ಮಾನ ಹೋಗ್ತೈತಿ."

"ಹೊಚ್ಚ ಹೊಸಾ ಗಾಡಿ. ನಿಲ್ಲೂದಂದ್ರ ಏನಂತ ಅದಕ್ಕ ಗೊತ್ತೇ ಇಲ್ಲ" ಎಂದರು ಜಮಾಲಸಾಬರು.

ಆ ದಿನ ಬಂದಿತು. ಜಮಾಲಸಾಬರು ಬಿಳಿಯ ಉಡುಪಿಗೆ ಅತ್ತರು ಹಚ್ಚಿಕೊಂಡರು. ಚಮನಬಿ ರೇಷ್ಮೆ ಸೀರೆಯುಟ್ಟು, ಸಕ್ಕರೆಯ ಬೆಳ್ಳಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತರು. ರೋಣದವರೆಗೆ ಕಾರು ನೀರು ಹರಿದ ಹಾಗೆ ಹೋಯಿತು. ರೋಣ ದಾಟಿದ ಮೇಲೆ ಬಿಸಿಲು ಚುರುಗುಟ್ಟಿತು.

"ಈಗ ನೋಡು, ಕಾಶ್ಮೀರ ಇಲ್ಲಿಗೇ ಬರ್ತೈತಿ" ಎಂದು ಜಮಾಲಸಾಬರು ಎಸಿಯ ಗುಂಡಿ ಒತ್ತಿದರು.

ಕಾಶ್ಮೀರ ಬರಲಿಲ್ಲ. ಮೊದಲು ಮುಗ್ಗಲು ವಾಸನೆ ಬಂದಿತು. ಆಮೇಲೆ ಹೊಟ್ಟು ಬಂದಿತು. ಅದರ ಹಿಂದೆಯೇ ಹೆಸರುಕಾಳು, ಗೋಣಿಯ ನಾರು, ಮತ್ತೆ ಹೆಸರುಕಾಳು, ಅಕ್ಷತೆ ಎರಚಿದ ಹಾಗೆ ಗಂಡಹೆಂಡಿರ ಮೇಲೆ ಸುರಿಯಿತು. ಜಮಾಲಸಾಬರಿಗೆ ಅಂಥ ಗಾಬರಿಯಲ್ಲೂ ಹುಟ್ಟುಗುಣ ಬಿಡಲಿಲ್ಲ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, "ಒಣಗೇತಿ. ಮಾಲು ಚಲೋ ಐತಿ" ಎಂದರು.

ಅಷ್ಟರಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿ, ನಿಲ್ಲುವುದೆಂದರೇನೆಂದು ಕಲಿತುಕೊಂಡಿತು.

ಮುಚ್ಚಳ ಎತ್ತಿ ನೋಡಿದರೆ ಗೋದಾಮಿನ ಇಲಿಗಳು ಅಲ್ಲಿ ತಮ್ಮದೊಂದು ಶಾಖೆಯನ್ನೇ ತೆರೆದಿದ್ದವು. ಗೋಣಿಯ ನಾರಿನ ಮೆತ್ತನೆಯ ಹಾಸಿಗೆ, ಪಕ್ಕದಲ್ಲಿ ವರ್ಷಕ್ಕಾಗುವಷ್ಟು ಕಾಳು. ಬಾಯಾಡಿಸಲೆಂದು ಒಂದಷ್ಟು ವೈರುಗಳನ್ನೂ ಕಡಿದು ಹಾಕಿದ್ದವು.

ಹೆಂಡತಿ ಬೈಯುತ್ತಾರೆಂದು ಜಮಾಲಸಾಬರು ಕಾದರು. ಚಮನಬಿ ಬೈಯಲಿಲ್ಲ. ಬಟ್ಟಲಿನೊಳಗೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ, "ಸೈರಾ ಬಾಗಲ್ದಾಗ ನಿಂತು ದಾರಿ ನೋಡ್ತಿರ್ತಾಳ್ರಿ" ಎಂದರು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ಜಮಾಲಸಾಬರಿಗೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ರಸ್ತೆಯ ನಡುವೆಯೇ ನಿಂತುಬಿಟ್ಟರು.

ಹಿಂದಿನಿಂದ ಬಂದು ನಿಂತದ್ದು ಮೆಣಸಗಿಯ ಹೊಳಿಯಪ್ಪನ ಟ್ರ್ಯಾಕ್ಟರು. ಪ್ರತಿ ಸುಗ್ಗಿಯಲ್ಲೂ ತನ್ನ ಮಾಲನ್ನು ಜಮಾಲಸಾಬರ ಅಂಗಡಿಗೇ ಹಾಕುವ ರೈತ ಅವನು. ಇಂದು ಅವನ ಟ್ರೇಲರಿನ ಚೀಲಗಳು ಗಜೇಂದ್ರಗಡದ ಕಡೆಗೆ ಹೊರಟಿದ್ದವು. ಸಾವಕಾರರನ್ನು ಕಂಡು ಅವನ ಮುಖ ಸಣ್ಣಗಾಯಿತು.

"ತಪ್ಪು ತಿಳ್ಕೋಬ್ಯಾಡ್ರಿ ಸಾವ್ಕಾರ್ರ. ಈ ಸಲ ಆ ಕಡೆ ಧಾರಣಿ ಚಲೋ ಐತಿ ಅಂದ್ರು, ಅದಕ್ಕ..."

"ಹೊಳಿಯಪ್ಪ, ನೀ ಎಲ್ಲಿ ಬೇಕಾರೂ ಮಾರೋ ಮಾರಾಯಾ. ನಿನ್ನ ಹಂತ್ಯಾಕ ಹಗ್ಗ ಐತೇನ್ ಹೇಳು."

ಹೀಗೆ ಜಮಾಲಸಾಬರ ಕಾರು ಹಗ್ಗ ಕಟ್ಟಿಸಿಕೊಂಡು, ಟ್ರೇಲರಿನ ಧೂಳು ಕುಡಿಯುತ್ತ, ಅತ್ಯಂತ ವಿಧೇಯತೆಯಿಂದ ಗಜೇಂದ್ರಗಡವನ್ನು ಪ್ರವೇಶಿಸಿತು. ಟ್ರ್ಯಾಕ್ಟರಿನ ಸದ್ದಿಗೆ ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಚಪ್ಪರದಡಿ ಕುಳಿತಿದ್ದ ಬೀಗರೂ ಎದ್ದು ನಿಂತು ನೋಡಿದರು. ಸೈರಾಬಾನುವಿನ ಮುಖ ಬಿಳುಚಿತು. ಆದರೆ ಚಮನಬಿ ಸೀರೆ ಕೊಡವಿಕೊಂಡು ಇಳಿದು, ಯಾರ ಮುಖವನ್ನೂ ನೋಡದೆ ನೆಟ್ಟಗೆ ಒಳಗೆ ಹೋಗಿ, ಕೌಸರಳ ಬಾಯಿಗೆ ಸಕ್ಕರೆ ಹಾಕಿ ನೆತ್ತಿಗೆ ಮುತ್ತಿಟ್ಟರು. ಉಂಗುರದ ಶಾಸ್ತ್ರ ಸಾಂಗವಾಗಿ ನೆರವೇರಿತು.

ಹುಡುಗನ ದೊಡ್ಡಪ್ಪ ಮದರಸಾಬರು ಶರಬತ್ತಿನ ಲೋಟ ಹಿಡಿದು ಜಮಾಲಸಾಬರ ಪಕ್ಕಕ್ಕೆ ಬಂದು ಕುಳಿತರು. ಜಮಾಲಸಾಬರು ಟೋಪಿ ಸರಿಮಾಡಿಕೊಂಡು ಚುಚ್ಚುಮಾತು ಕೇಳಲು ಸಿದ್ಧರಾದರು.

"ಹಗ್ಗಾ ಕಟ್ಟಿಸ್ಕೊಂಡಾದ್ರೂ ಹೊತ್ತಿಗೆ ಸರಿಯಾಗಿ ಬಂದ್ರಿ. ಇಂಥಾ ಮಂದಿ ಹಿಂದಿದ್ರ ಹುಡುಗಿಗೆ ಏನ್ ಕಡಿಮಿ ಐತ್ರಿ?" ಎಂದರು ಮದರಸಾಬರು. ಬಾಗಿಲಲ್ಲಿ ನಿಂತಿದ್ದ ಸೈರಾಬಾನು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜಮಾಲಸಾಬರ ಉಸಿರು ಮರಳಿ ಬಂದಿತು. ಅದು ಪೂರ್ತಿ ಬರುವ ಮೊದಲೇ ಮದರಸಾಬರು ಮುಂದುವರಿಸಿದರು: "ನಾವೂ ಇಂಥಾದ್ದೇ ಗಾಡಿ ತಗೊಂಡೀವ್ರಿ. ನಿಮಗ ಅನುಭವ ಐತಿ, ಅದಕ್ಕ ಕೇಳ್ತೀನಿ. ಮೊದಲನೇ ದೊಡ್ಡ ಸರ್ವೀಸ್ ಯಾವಾಗ ಮಾಡಿಸೋದು ಚಲೋ?"

ಜಮಾಲಸಾಬರು ಬಾಯಿ ತೆರೆದರು. ಶರಬತ್ತನ್ನು ಗುಟುಕರಿಸಿದರು.

ತಟ್ಟೆಯಲ್ಲಿ ಮಿಠಾಯಿ ತರುತ್ತಿದ್ದ ಚಮನಬಿ ತಣ್ಣಗೆ ಉತ್ತರಿಸಿದರು:

"ಬೀಗರು ನೋಡೋಕಿಂತ ಮೊದಲ್ರಿ."