ಹತ್ತು ಲೀಟರ್ ನಷ್ಟದ ವಿಚಾರಣೆ

ಕೊಲ್ಲಿ ದೇಶದ ಸಾಲ್ಮಿಯಾ ನಗರದ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಹತ್ತು ಲೀಟರ್ ದ್ರವ ಕಾಣೆಯಾಗಿರುವುದು ಅಧಿಕೃತವಾಗಿ ದೃಢಪಟ್ಟಿದೆ.

ಲಿಜ್ಜಿಬಾಯಿಯ ಮಗಳು ಕ್ರಿಸ್ಟಿನಾಳ ರೋಸ್, ಅಂದರೆ ಮದುವೆಯ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಸಮೀಪಿಸಿತ್ತು. ಅದಕ್ಕಾಗಿ ನೆರೆಮನೆಯ ರುಡಾಲ್ಫರು ತಮ್ಮ ಅಡುಗೆಮನೆಯಲ್ಲಿ ಬಿಯರ್ ತಯಾರಿಸಲು ಒಪ್ಪಿದರು. ಆ ದೇಶದ ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ. ಆದುದರಿಂದ ಪ್ರತಿಯೊಂದು ಹಂತವೂ ನಿಯಮಬದ್ಧವಾಗಿ, ಸಹಿಸಹಿತ ದಾಖಲಾಗಬೇಕೆಂದು ಕಟ್ಟಡದ ಕನ್ನಡ ಬಳಗವು ತೀರ್ಮಾನಿಸಿತು.

ಮೂವತ್ತು ಲೀಟರ್ ನೀರು ಹಾಕಿದ್ದಕ್ಕೆ ಇಪ್ಪತ್ತು ಲೀಟರ್ ವರ್ಟ್, ಅಂದರೆ ಬಾರ್ಲಿಯ ಸಿಹಿ ಕಷಾಯ, ದೊರೆಯಿತು. ನಲವತ್ತು ಅತಿಥಿಗಳಿಗೆ ಅದು ಸಾಕಿತ್ತು. ಶುಐಬಾದ ಕಾರ್ಖಾನೆಯೊಂದರ ಎಂಜಿನಿಯರ್ ರಾಜಗೋಪಾಲರಿಗೆ ಸಾಕಾಗಲಿಲ್ಲ.

"ಮೂವತ್ತು ಒಳಗೆ ಹೋದ ಮೇಲೆ ಮೂವತ್ತಕ್ಕೂ ಲೆಕ್ಕ ಸಿಗಬೇಕು, ರುಡಾಲ್ಫ್. ನಮ್ಮ ಪ್ಲಾಂಟಿನಲ್ಲಿ ಹೀಗೆಲ್ಲ ನಡೆಯೋದಿಲ್ಲ."

"ಐದು ಕಿಲೋ ಬಾರ್ಲಿ ಐದು ಲೀಟರ್ ಹೀರಿಕೊಂಡಿದೆ ಮಾರಾಯ್ರೆ. ಒಂದು ಗಂಟೆ ಕುದಿಸಿದ್ದಕ್ಕೆ ನಾಲ್ಕು ಲೀಟರ್ ಹಬೆಯಾಯ್ತು. ಉಳಿದ ಒಂದು ತಳದ ಗಸಿಯಲ್ಲಿ ಉಂಟು."

"ಹಬೆಗೆ ಸಾಕ್ಷಿ?"

"ಎಕ್ಸಾಸ್ಟ್ ಫ್ಯಾನನ್ನು ಕೇಳಿ."

ಫ್ಯಾನಿನ ಹೇಳಿಕೆ ಲಭ್ಯವಾಗದ ಕಾರಣ ರಾಜಗೋಪಾಲ, ಬ್ಯಾಂಕಿನ ಲ್ಯಾನ್ಸಿ ಮತ್ತು ನರ್ಸ್ ಮೊಲ್ಲಿ ಇವರನ್ನೊಳಗೊಂಡ ನಷ್ಟ ಪರಿಶೀಲನಾ ಸಮಿತಿಯನ್ನು ರಚಿಸಲಾಯಿತು. ಪ್ರತಿ ಸಭೆಯಲ್ಲಿ ಎರಡು ಲೀಟರ್ ಮಾದರಿ ತೆಗೆಯತಕ್ಕದ್ದು, ತೆಗೆದದ್ದನ್ನು ಮರಳಿ ಸುರಿಯತಕ್ಕದ್ದಲ್ಲ, ಚೆಲ್ಲತಕ್ಕದ್ದೂ ಅಲ್ಲ. ವರ್ಟ್ ಬರೀ ಸಿಹಿಯಾಗಿದ್ದುದರಿಂದ, ಯೀಸ್ಟ್ ತನ್ನ ಕೆಲಸ ಮುಗಿಸುವವರೆಗೆ ಸಭೆಯನ್ನು ತಾಂತ್ರಿಕ ಕಾರಣಗಳಿಗಾಗಿ ಎರಡು ವಾರ ಮುಂದೂಡಲಾಯಿತು.

ಮೊದಲ ಸಭೆಯ ಅಂತ್ಯಕ್ಕೆ ಪಾತ್ರೆಯಲ್ಲಿ ಹದಿನೆಂಟು ಲೀಟರ್ ಮಾತ್ರ ಇರುವುದು ಪತ್ತೆಯಾಯಿತು. ಇದು ಹೊಸ ನಷ್ಟ. ನಿಯಮಾನುಸಾರ ಮರುದಿನವೇ ಎರಡನೆಯ ಸಭೆ ಕರೆಯಲಾಯಿತು. ಆಗ ಮತ್ತೆರಡು ಲೀಟರ್ ಕೊರತೆ ಕಂಡುಬಂದಿತು.

ಆರನೆಯ ಸಭೆಗೆ ಲಿಜ್ಜಿಬಾಯಿ ಖುದ್ದಾಗಿ ಬಂದರು.

"ಗುರುವಾರ ರೋಸ್. ಬಂದವರಿಗೆ ನಾನು ಏನು ಕೊಡುವುದು?"

"ವರದಿ ಪೂರ್ತಿ ಆಗದೆ ಹಂಚಿದರೆ ಅದು ಅಕ್ರಮ ಆಗ್ತದೆ, ಬಾಯಿ," ಎಂದರು ಲ್ಯಾನ್ಸಿ.

"ನೀವು ಕುಡಿಯುವುದು?"

"ನೈಟ್ ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಬಂದಿದ್ದೇನೆ," ಎಂದು ಮೊಲ್ಲಿ ಲೋಟವನ್ನು ಬೆಳಕಿಗೆ ಹಿಡಿದರು. "ಇದನ್ನು ಕುಡಿಯುವುದು ಅಂತ ಹೇಳ್ತೀರಲ್ಲ."

ಲಿಜ್ಜಿಬಾಯಿಯ ಆಕ್ಷೇಪವನ್ನು ದಾಖಲಿಸಿಕೊಂಡು, ಅದರ ಪರಿಶೀಲನೆಗೆ ಹೆಚ್ಚುವರಿ ಸಭೆಯೊಂದನ್ನು ಅದೇ ಸಂಜೆ ನಡೆಸಲಾಯಿತು.

ಹತ್ತನೆಯ ಸಭೆಯಲ್ಲಿ ಮೂವತ್ತು ಲೀಟರಿಗೂ ಲೆಕ್ಕ ದೊರೆಯಿತು: ಬಾರ್ಲಿ, ಹಬೆ, ಗಸಿಗೆ ಹತ್ತು, ಮಾದರಿಗೆ ಇಪ್ಪತ್ತು. ರುಡಾಲ್ಫರು ನಿರ್ದೋಷಿಯೆಂದು ಸಾಬೀತಾಯಿತು. ಅವರು ಖಾಲಿ ಪಾತ್ರೆಯನ್ನು ತೊಳೆದು, ಸಮಿತಿಗೆ ಕೃತಜ್ಞತೆ ಸಲ್ಲಿಸಿದರು.

ಗುರುವಾರ ವಧುವಿಗೆ ತೆಂಗಿನ ಹಾಲು ಹಚ್ಚಿದ ಬಳಿಕ ರಾಜಗೋಪಾಲರು ವರದಿಯನ್ನು ಓದಿದರು.

"ಒಂದು ಗ್ಲಾಸಾದರೂ ಉಳಿಸಬಹುದಿತ್ತು," ಎಂದರು ಲಿಜ್ಜಿಬಾಯಿ.

"ಉಳಿದಿದ್ದರೆ ಲೆಕ್ಕ ಮುಗೀತಾ ಇರಲಿಲ್ಲ ತಾಯಿ."

ಲಿಜ್ಜಿಬಾಯಿ ಸ್ವಲ್ಪ ಯೋಚಿಸಿ, ಅದು ಸರಿಯೆಂದು ಸಹಿ ಹಾಕಿದರು. ನಲವತ್ತು ಅತಿಥಿಗಳು ಅನಾನಸ್ ರಸದ ಲೋಟಗಳನ್ನೆತ್ತಿ ವರದಿಯನ್ನು ಅವಿರೋಧವಾಗಿ ಅಂಗೀಕರಿಸಿದರು.