ಪಠ್ಯೇತರ ಕೆಮ್ಮು

ಯಾವುದೇ ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೊಂದು ಹುಟ್ಟಿಕೊಂಡರೆ ಅದು ತಾನಾಗಿಯೇ ನಡೆದು ಹೋಗಿ ಎಲ್ಲರಿಗಿಂತ ಕಿರಿಯ ಶಿಕ್ಷಕನ ಹೆಗಲೇರಿ ಕೂರುತ್ತದೆ. ಇದಕ್ಕೆ ಸುತ್ತೋಲೆ ಬೇಕಿಲ್ಲ, ಸಭೆಯೂ ಬೇಕಿಲ್ಲ. ಸ್ಟಾಫ್ ರೂಮಿನಲ್ಲಿ ಹಿರಿಯರೆಲ್ಲ ಒಟ್ಟಿಗೇ ತಮ್ಮ ತಮ್ಮ ಚಹಾದ ಕಪ್ಪಿನೊಳಗೆ ಇಣುಕುತ್ತಾರೆ. ಇಣುಕದೆ ತಲೆ ಎತ್ತಿಕೊಂಡು ಕೂತವನು ನೇಮಕಗೊಂಡಂತೆ. ನಾನು ಬೀದರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು, ದಿನಾ ಭಾಲ್ಕಿಯಿಂದ ರೈಲಿನಲ್ಲಿ ಬಂದು ಹೋಗುವವನು. ಸೇರಿದ ಹೊಸತರಲ್ಲಿ ಈ ಕಪ್ಪಿನ ವಿದ್ಯೆ ನನಗೆ ತಿಳಿದಿರಲಿಲ್ಲ. ಹೀಗಾಗಿ ಸಸಿ ನೆಡಿಸುವುದು, ಹುಡುಗರ ತಲೆಗೂದಲು ಉದ್ದ ಬೆಳೆದಿದೆಯೇ ಎಂದು ನೋಡುವುದು, ಹಲ್ಲಿನ ಡಾಕ್ಟರು ಬಂದಾಗ ಮಕ್ಕಳಿಗೆ ಧೈರ್ಯ ಬರಲೆಂದು ಮೊದಲು ನಾನೇ ಬಾಯಿ ತೆರೆದು ತೋರಿಸುವುದು, ಎಲ್ಲವೂ ನನ್ನ ಪಾಲಿಗೆ ಬಂದವು. ಡಾಕ್ಟರು ಮಕ್ಕಳ ಹಲ್ಲು ಚೆನ್ನಾಗಿವೆ ಎಂದರು. ನನ್ನವೆರಡನ್ನು ಕಿತ್ತರು.

ಇಷ್ಟು ಸಾಲದೆಂಬಂತೆ ನನಗೊಂದು ಚಟವಿದೆ. ಯಾರ ಜೊತೆ ಎರಡು ನಿಮಿಷ ನಿಂತರೂ ಅವರಂತೆಯೇ ಮಾತಾಡತೊಡಗುತ್ತೇನೆ. ಮನೆಯಲ್ಲಿ ಅಪ್ಪನ ದನಿಯಲ್ಲಿ ಹೊರಗಿನಿಂದ ಕೂಗಿ ಅವರ ಪಾಲಿನ ಚಹಾ ಎಷ್ಟೋ ಸಲ ಕುಡಿದಿದ್ದೇನೆ. ಹೋದ ವರ್ಷ ಕಮಠಾಣಕ್ಕೆ ಹೆಣ್ಣು ನೋಡಲು ಹೋಗುವ ಮುನ್ನ ಅವ್ವ ಬಾಗಿಲಲ್ಲೇ ನಿಲ್ಲಿಸಿ, "ನಿನ್ನ ಹೊಟ್ಟ್ಯಾಗ ಎಷ್ಟು ಮಂದಿ ಅದಾರ ನನಗ ಗೊತ್ತಿಲ್ಲ. ಅವರನ್ನೆಲ್ಲ ಇಲ್ಲೇ ಬಿಟ್ಟು ನೀ ಒಬ್ಬನೇ ಬಾ" ಎಂದಿದ್ದಳು. ನಾನು ಒಬ್ಬನೇ ಹೋದೆ. ಆದರೆ ಹುಡುಗಿಯ ತಂದೆಗೆ ಪ್ರತಿ ಮಾತಿನ ಕೊನೆಗೂ ಮೂಗಿನಲ್ಲಿ "ಹೂಂ... ಮತ್ತ?" ಎನ್ನುವ ರೂಢಿ. ನನಗೆ ಗೊತ್ತಿಲ್ಲದೆಯೇ ನಾನೂ ಅದೇ ಮೂಗಿನಿಂದ "ಹೂಂ... ಮತ್ತ?" ಎನ್ನತೊಡಗಿದೆ. ಪರದೆಯ ಹಿಂದೆ ಹುಡುಗಿ ನಕ್ಕಿದ್ದು ಕೇಳಿಸಿತು. ತಂದೆ ನಗಲಿಲ್ಲ. ಅವಲಕ್ಕಿ ಮಾತ್ರ ಚೆನ್ನಾಗಿತ್ತು.

ವಿಷಯಕ್ಕೆ ಬರುತ್ತೇನೆ. ನಮ್ಮ ಡ್ರಿಲ್ ಮಾಸ್ತರು ವೈಜನಾಥ ಸರ್ ನಿವೃತ್ತರಾಗಿ ಸಾಯಗಾಂವಿನ ತಮ್ಮ ಹೊಲಕ್ಕೆ ಹೋದರು. ಆಡಳಿತ ಮಂಡಳಿ ಆ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. ಮಂಡಳಿಯ ಕಾರ್ಯದರ್ಶಿಗಳು ತೊಗರಿಬೇಳೆ ಮಿಲ್ಲಿನ ಧಣಿಗಳು. ಊರೆಲ್ಲ ಅವರನ್ನು ಸೆಕ್ರೆಟರಿ ಸಾಹೇಬರು ಎನ್ನುತ್ತದೆ. ಎದುರಿಗೆ ಏನೇ ಇಟ್ಟರೂ ಎರಡು ಬೆರಳ ನಡುವೆ ಬೇಳೆ ಹೊಸಕಿ ನೋಡುವಂತೆ ಬೆರಳಾಡಿಸುತ್ತ, ಒಂದು ಕಣ್ಣು ಮುಚ್ಚಿ ಮಾತಾಡುತ್ತಾರೆ. ಸ್ಟಾಫ್ ರೂಮಿಗೆ ಬಂದು ಹಾಗೆಯೇ ಬೆರಳಾಡಿಸುತ್ತ ಹೇಳಿದರು: "ಮಂಡಳಿ ಕಡಿ ರೊಕ್ಕ ಇಲ್ರಿ. ಗಣಿತ ಬಿಡ್ಲಾಕ ಬರಂಗಿಲ್ಲ, ವಿಜ್ಞಾನ ಬಿಡ್ಲಾಕ ಬರಂಗಿಲ್ಲ. ಉಳದದ್ದೇನು? ಓಡೋದು, ಹಾಡೋದು, ಕುಣಿಯೋದು. ಮನ್ಯಾಗ ಬ್ಯಾಡ ಅಂದ್ರೂ ಓಡ್ತಾವ ಪೋರಗೋಳು. ಪಗಾರ ಕೊಟ್ಟು ಓಡಸಬೇಕೇನ್ರಿ?"

ಹಿರಿಯರೆಲ್ಲ ಕಪ್ಪಿನೊಳಗೆ ಇಣುಕಿದರು. ಅಷ್ಟು ಹೊತ್ತಿಗೆ ನಾನೂ ಆ ವಿದ್ಯೆ ಕಲಿತಿದ್ದೆ. ಆದರೆ ಅವತ್ತು ನನ್ನ ಕಪ್ಪು ಖಾಲಿಯಾಗಿತ್ತು. ಖಾಲಿ ಕಪ್ಪಿನೊಳಗೆ ಎಷ್ಟು ಹೊತ್ತು ನೋಡುವುದು? ತಲೆ ಎತ್ತಿದಾಗ ಹೆಡ್ ಮಾಸ್ತರರು ನನ್ನ ಕೊರಳಿಗೆ ಸೀಟಿ ಹಾಕುತ್ತಿದ್ದರು.

ಶನಿವಾರ ಬೆಳಿಗ್ಗೆ ಇಡೀ ಶಾಲೆ ಮೈದಾನಕ್ಕೆ ಬಂದು ನಿಂತಿತು. ಡ್ರಿಲ್ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ: ನಾನು ವಿದ್ಯಾರ್ಥಿಯಾಗಿದ್ದಾಗ ಎಡಗಾಲು ಎನ್ನುವಾಗ ಪಕ್ಕದವನ ಕಾಲು ನೋಡುತ್ತಿದ್ದೆ. ಈಗ ನನ್ನ ಪಕ್ಕ ಯಾರೂ ಇರಲಿಲ್ಲ. ಸೀಟಿ ಊದಿದೆ. ಮಕ್ಕಳು ಬಿಡುವಿನ ಗಂಟೆಯೆಂದುಕೊಂಡು ನೀರಿನ ನಲ್ಲಿಯ ಕಡೆ ಓಡಿದರು. ಮತ್ತೆ ಊದಿದೆ, ಉಳಿದವರೂ ಓಡಿದರು. ದಿಕ್ಕು ತೋಚದೆ, ಹೊಟ್ಟೆ ಒಳಕ್ಕೆಳೆದು, ಗದ್ದ ಎತ್ತಿ, ವೈಜನಾಥ ಸರ್ ದನಿಯಲ್ಲಿ "ಸಾವ್...ಧಾನ್" ಎಂದೆ. ನಲ್ಲಿಯ ಹತ್ತಿರ ಬಾಯಿ ತುಂಬ ನೀರು ತುಂಬಿಕೊಂಡವನು ನುಂಗದೆ ನಿಂತುಬಿಟ್ಟ. ಮೈದಾನ ಮೈದಾನವೇ ಕಲ್ಲಾಯಿತು. ಕಚೇರಿಯ ಕಿಟಕಿಯಲ್ಲಿ ಹೆಡ್ ಮಾಸ್ತರರೂ ಕುರ್ಚಿ ಬಿಟ್ಟು ನೆಟ್ಟಗೆ ನಿಂತಿದ್ದರು. ನಾನು "ವಿಶ್ರಾಮ್" ಎಂದ ಮೇಲೆಯೇ ಕೂತದ್ದು. ಅವತ್ತು ನನಗೆ ಬಂದ ಸೊಕ್ಕನ್ನು ವಿವರಿಸಲಾರೆ. ಸಂಜೆ ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದಾಗ ಅಲ್ಲಿದ್ದ ಎಮ್ಮೆಗೂ ಸಾವಧಾನ್ ಹೇಳಿದೆ. ಅದು ಕೇಳಲಿಲ್ಲ. ನಮ್ಮ ಶಾಲೆಯಲ್ಲಿ ಓದಿರಲಿಲ್ಲ.

ಇದು ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನಮ್ಮಲ್ಲಿ ಎಸ್ತರ್ ಮಿಸ್ ಇದ್ದರು. ಮಿಶನ್ ಕಾಂಪೌಂಡಿನ ಹಳೆಯ ಮನೆಯವರು, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವರು, ವಾರಕ್ಕೆರಡು ದಿನ ನಮ್ಮ ಮಕ್ಕಳಿಗೆ ಹಾಡು ಕಲಿಸುವವರು. ಮಂಡಳಿಯವರು ತಮ್ಮ ಕೈಯಿಂದ ಕೊಡುವ ಪುಟ್ಟ ಸಂಬಳ ಅವರದು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರನ್ನೂ "ಮಗಾ" ಎಂದೇ ಕರೆಯುತ್ತಾರೆ. ಹೆಡ್ ಮಾಸ್ತರರನ್ನೂ ಒಮ್ಮೆ ಕರೆದಿದ್ದರು. ನನ್ನ ತರಗತಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಾಳೆ. ಯಾವ ರಾಜ್ಯದ ರಾಜಧಾನಿ ಕೇಳಿದರೂ ತನ್ನ ಕಾಲ ಹೆಬ್ಬೆರಳಿನ ಕಡೆ ನೋಡುತ್ತಾಳೆ, ರಾಜಧಾನಿ ಅಲ್ಲೇ ಇರುವಂತೆ. ಅದೇ ಹುಡುಗಿ ಮಿಸ್ ತರಗತಿಯಲ್ಲಿ ಹಾಡಿದರೆ ಆಚೆ ಬೀದಿಯ ಹಣ್ಣಿನ ಗಾಡಿಯವನು ತೂಗುವುದು ನಿಲ್ಲಿಸುತ್ತಾನೆ. ಇದು ನನಗೆ ಹೊಟ್ಟೆಕಿಚ್ಚಿನ ಸಂಗತಿಯೆಂದು ಬೇರೆ ಹೇಳಬೇಕಿಲ್ಲ.

ಶಿಕ್ಷಕರ ದಿನಾಚರಣೆಯಲ್ಲಿ ನಾನು ಎಸ್ತರ್ ಮಿಸ್ ಅವರನ್ನು ಮಾಡಿ ತೋರಿಸಿದೆ. ಜಿಲ್ಲೆಯ ನದಿ ಹಳ್ಳಗಳ ಮೇಲೆ ಅವರೇ ಬರೆದು ರಾಗ ಹಾಕಿದ ಒಂದು ಹಾಡಿದೆ. ಮೊದಲ ನುಡಿ ಮುಗಿದು ಮಾಂಜ್ರಾ ನದಿ ಬರುವ ಮುಂಚೆ ಅವರು ಸಣ್ಣಗೆ ಕೆಮ್ಮಿ, ಕಿರುಬೆರಳಿನಿಂದ ಕನ್ನಡಕ ಎತ್ತಿ, ಸೆರಗು ಎಳೆದುಕೊಂಡು ಮುಂದೆ ಹೋಗುತ್ತಾರೆ. ನಾನು ಕೆಮ್ಮಿದೆ, ಎತ್ತಿದೆ, ಎಳೆದುಕೊಂಡೆ. ಸಭೆ ಬಿದ್ದು ಬಿದ್ದು ನಕ್ಕಿತು. ಎಸ್ತರ್ ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ಸಾಲಿನಲ್ಲಿ ನಗದೆ ಇದ್ದವರು ಸೆಕ್ರೆಟರಿ ಸಾಹೇಬರು ಒಬ್ಬರೇ. ಅವರ ಬೆರಳು ಆಡುತ್ತಿತ್ತು.

ಮರುದಿನ ಮಿಲ್ಲಿಗೆ ಕರೆಸಿದರು. "ಮಾಸ್ತರ್, ಆ ದನಿಯಾಗ ಪೂರಾ ಹಾಡು ಬರ್ತದೇನು ನಿಮಗ?"

"ಬರ್ತದ್ರಿ," ಎಂದೆ, ಕಲಾವಿದನ ಹೆಮ್ಮೆಯಿಂದ.

"ಮುಂಜಾನಿಂದ ಸಂಜಿತನಕ ಮಾಡಿದ್ರೂ ದನಿ ಬೀಳಂಗಿಲ್ಲಲ್ಲ?"

"ಬೀಳಂಗಿಲ್ರಿ ಸಾಹೇಬ್ರ."

"ಹಂಗಾದ್ರ ಡ್ರಿಲ್ಲೂ ನೀವೇ, ಹಾಡೂ ನೀವೇ. ಒಂದ ಪಗಾರದಾಗ ಮೂರು ಮಂದಿ ಬಂದಂಗಾಯ್ತು. ಶಾಣ್ಯಾ ಅದೀರಿ ನೀವು."

ಶಾಣ್ಯಾ ಎಂದದ್ದಕ್ಕೆ ಖುಷಿಯಾಗಿ ಅವರು ಕೊಟ್ಟ ಚಹಾ ಕುಡಿದು ಬಂದೆ. ಏನಾಯಿತೆಂದು ನನಗೆ ಹೊಳೆದದ್ದು ರೈಲು ಹೊರಟ ಮೇಲೆ. ಜನ ಇನ್ನೊಬ್ಬರ ಕೆಲಸ ಕಸಿಯಲು ಚಾಡಿ ಹೇಳುತ್ತಾರೆ, ವಶೀಲಿ ಹಚ್ಚುತ್ತಾರೆ. ನಾನು ಬರೀ ಕೆಮ್ಮಿ ಕಸಿದಿದ್ದೆ. ಸೋಮವಾರ ಎಸ್ತರ್ ಮಿಸ್ ತಮ್ಮ ಹಾರ್ಮೋನಿಯಂ ಒಯ್ಯಲು ಬಂದರು. ನಾನು ಏನೇನೋ ತೊದಲಿದೆ. ಅವರು ನನ್ನ ಅಂಗಿಯ ಕಾಲರು ಸರಿಮಾಡಿ, "ಇರ್ಲಿ ಬಿಡು ಮಗಾ. ನನ್ನ ದನಿ ನಿನ್ನ ಕೈಯಾಗ ಕೊಟ್ಟು ಹೊಂಟೀನಿ. ಥಂಡಿ ಹತ್ತದಂಗ ನೋಡ್ಕೋ" ಎಂದು ರಿಕ್ಷಾ ಹತ್ತಿದರು. ಬೈದಿದ್ದರೆ ಅದನ್ನೂ ಕಲಿತು ಮಾಡಿ ತೋರಿಸುತ್ತಿದ್ದೆ. ಅವರು ಆ ಅವಕಾಶವನ್ನೂ ಕೊಡಲಿಲ್ಲ.

ಔರಾದಿನಲ್ಲಿ ಜಿಲ್ಲಾ ಮಟ್ಟದ ಸಮೂಹ ಗಾಯನ ಸ್ಪರ್ಧೆ ಹತ್ತಿರ ಬಂದಿತ್ತು. ನಾನು ಮಿಸ್ ದನಿಯಲ್ಲಿ ಪಾಠ ಶುರುಮಾಡಿದೆ. "ಬಾಯಿ ತೆಗೀರಿ, ಹಲ್ಲು ತೋರಸಬ್ಯಾಡ್ರಿ" ಎಂದೆ. ಮಕ್ಕಳು ತೆರೆದರು. ತೊಂದರೆ ಏನೆಂದರೆ ನನ್ನ ಬಳಿ ಮಿಸ್ ಅವರ ಗಂಟಲಿತ್ತೇ ಹೊರತು ಕಿವಿ ಇರಲಿಲ್ಲ. ಯಾರು ರಾಗ ಬಿಟ್ಟರು, ಯಾರು ಏರಿದರು, ನನಗೆ ಒಂದೂ ತಿಳಿಯುತ್ತಿರಲಿಲ್ಲ. ಭಾಗ್ಯಶ್ರೀ, "ಸರ್, ನಾ ಮ್ಯಾಲ ಹೊಂಟೀನೇನ್ರಿ?" ಎಂದು ಕೇಳಿದರೆ "ಚೊಲೋ ಅದ ಮಗಾ" ಎನ್ನುತ್ತಿದ್ದೆ. ಹಿಂದಿನ ಸಾಲು ಬೇರೆಯೇ ಹಾಡು ಹಾಡಿದರೂ "ಚೊಲೋ ಅದ ಮಗಾ." ಮಕ್ಕಳು ಮೊದಮೊದಲು ಅನುಮಾನದಿಂದ ನೋಡಿದರು, ಆಮೇಲೆ ಎಲ್ಲವೂ ಚೊಲೋ ಇರುವ ಲೋಕಕ್ಕೆ ಒಗ್ಗಿಕೊಂಡರು.

ಮಕ್ಕಳು, ಹೆಡ್ ಮಾಸ್ತರರ ಜೊತೆ ಔರಾದಿಗೆ ಟೆಂಪೋದಲ್ಲಿ ಹೋಗುವಾಗ ನನ್ನ ಸಂಕಟ ಪೂರ್ತಿ ಬಿಚ್ಚಿಕೊಂಡಿತು. ಮಕ್ಕಳು ಗೆದ್ದರೆ ಸಾಹೇಬರು, "ನೋಡ್ರಿ, ಮಿಸ್ ಇಲ್ಲದೇ ಗೆದ್ದಿವಿ" ಎನ್ನುತ್ತಾರೆ. ಸೋತರೆ, "ಇದಕ್ಕ ಯಾಕ ಹಾಡು, ಬಿಟ್ಟುಬಿಡ್ರಿ" ಎನ್ನುತ್ತಾರೆ. ಹೇಗೆ ಬಿದ್ದರೂ ಎಸ್ತರ್ ಮಿಸ್ ಮನೆಯಲ್ಲೇ. ಸಾಹೇಬರು ಕಾರಿನಲ್ಲಿ ನಮಗಿಂತ ಮುಂಚೆ ಬಂದು ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು.

ನಮ್ಮ ಸರದಿ ಬಂತು. ಮೊದಲ ನುಡಿ ಹೇಗೋ ದಾಟಿತು. ಮಾಂಜ್ರಾ ಬರುವ ಮುಂಚೆ ಮಕ್ಕಳೆಲ್ಲ ಒಮ್ಮೆಗೇ "ಖ್ಹೂಂ" ಎಂದು ಕೆಮ್ಮಿದರು. ಕೆಮ್ಮಿ, ಕಿರುಬೆರಳಿನಿಂದ ಇಲ್ಲದ ಕನ್ನಡಕ ಎತ್ತಿದರು. ಎತ್ತಿ, ಹುಡುಗರೂ ಸೇರಿದಂತೆ, ಇಲ್ಲದ ಸೆರಗು ಎಳೆದುಕೊಂಡರು. ಆಮೇಲೆ ಗಂಭೀರವಾಗಿ ನದಿಗಿಳಿದರು. ಅಭ್ಯಾಸದಲ್ಲಿ ನಾನೇ ಮುಂದೆ ನಿಂತು ಕೆಮ್ಮುವುದರಲ್ಲಿ ಮುಳುಗಿರುತ್ತಿದ್ದರಿಂದ ಇದನ್ನು ಗಮನಿಸಿರಲಿಲ್ಲ. ನಾನು ಕಲಿಸಿದ್ದನ್ನು ಇಷ್ಟು ಚಾಚೂ ತಪ್ಪದೆ ಕಲಿತದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು. ಮಿಸ್ ಇದ್ದಾಗ ಅವರು ಕೆಮ್ಮುತ್ತಿದ್ದರು, ಮಕ್ಕಳು ಹಾಡುತ್ತಿದ್ದರು. ನಾನು ಬಂದ ಮೇಲೆ ಕೆಮ್ಮೂ ಹಾಡಿನ ಭಾಗವೆಂದು ತಿಳಿದಿದ್ದರು. ಏಕೆಂದರೆ ನಾನು ಪ್ರಾಣವಿಟ್ಟು ಕಲಿಸಿದ್ದು ಅದೊಂದನ್ನೇ.

ಸಭಾಂಗಣ ನಕ್ಕಿತು. ತೀರ್ಪುಗಾರರಲ್ಲಿ ಔರಾದಿನವರೇ ಆದ, ದಪ್ಪ ಮೀಸೆಯ ಒಬ್ಬರು ಮಾತ್ರ ಮೊದಲು ಬೆಚ್ಚಿ, ಆಮೇಲೆ ನಕ್ಕು, ಆಮೇಲೆ ಕರವಸ್ತ್ರ ತೆಗೆದರು. ಹಾಡು ಮುಗಿದ ಮೇಲೆ ಮೈಕಿನಲ್ಲೇ ಕೇಳಿದರು: "ಇದು ಎಸ್ತರ್ ಮಿಸ್ ಕೆಮ್ಮು ಅಲ್ಲೇನ್ರವ್ವ? ನನಗ ಹಾಡು ಕಲಿಸ್ದಾಕಿ ಅಕಿನೇ. ಹ್ಯಾಂಗದಾರ ಅವರು?"

ರಾಜಧಾನಿಗಳನ್ನು ಹೆಬ್ಬೆರಳಿನಲ್ಲಿ ಹುಡುಕುವ ಭಾಗ್ಯಶ್ರೀ ತಲೆ ಎತ್ತಿ, ಆಚೆ ಬೀದಿಗೂ ಕೇಳುವ ದನಿಯಲ್ಲಿ ಹೇಳಿದಳು: "ಅವರಿಗಿ ಬಿಡಿಸ್ಯಾರ್ರಿ. ಈಗ ನಮ್ ಸರೇ ಮಿಸ್ ಆಗ್ಯಾರ್ರಿ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗೆ ಇಣುಕಲು ಒಂದು ಕಪ್ಪೂ ಇರಲಿಲ್ಲ. ಇಡೀ ಜಿಲ್ಲೆಯೆದುರು ಮರ್ಯಾದೆ ಹೋದೀತೆಂದು ಸೆಕ್ರೆಟರಿ ಸಾಹೇಬರು ಗಡಬಡಿಸಿ ಎದ್ದರು. "ಬಿಡಿಸಿಲ್ರಿ, ಬಿಡಿಸಿಲ್ಲ. ಪೋರಿಗಿ ತಿಳಿಯಂಗಿಲ್ಲ. ಮಿಸ್ ರಜಾ ಮ್ಯಾಲ ಅದಾರ."

"ಹೌದೇನ್ರಿ? ಭಾಳ ಚೊಲೋ ಆಯ್ತು," ಎಂದರು ಮೀಸೆಯವರು. "ಸೋಮವಾರ ಬೀದರಕ ಬರೋದದ. ಸಾಲಿಗೇ ಬಂದು ಭೇಟಿ ಆಗ್ತೇನಿ."

ಬಹುಮಾನ ಬರಲಿಲ್ಲ, ಬರುವಂಥದ್ದೂ ಆಗಿರಲಿಲ್ಲ. ಮಕ್ಕಳನ್ನು ಹೆಡ್ ಮಾಸ್ತರರ ಜೊತೆ ಟೆಂಪೋಕ್ಕೆ ಹತ್ತಿಸಿ, ಸಾಹೇಬರು ನನ್ನನ್ನು ಕಾರಿನಲ್ಲಿ ಕೂಡಿಸಿಕೊಂಡರು. ದಾರಿಯುದ್ದಕ್ಕೂ ಅವರ ಬೆರಳು ಆಡಲಿಲ್ಲ. ನೆಟ್ಟಗೆ ಮಿಶನ್ ಕಾಂಪೌಂಡಿಗೆ ಹೋದೆವು. ಎಸ್ತರ್ ಮಿಸ್ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು.

"ಮಿಸ್, ನಿಮ್ಮ ರಜಾ ಮುಗೀತ್ರಿ. ಸೋಮವಾರ ಬರ್ರಿ," ಎಂದರು ಸಾಹೇಬರು.

"ನನಗ ರಜಾ ಯಾವಾಗ ಕೊಟ್ಟಿದ್ದ್ರಿ ಮಗಾ?"

ಸಾಹೇಬರು ನನ್ನ ಕಡೆ ನೋಡಿದರು, ಉತ್ತರವನ್ನು ನಾನೇ ತಮ್ಮ ದನಿಯಲ್ಲಿ ಹೇಳಲಿ ಎಂಬಂತೆ. ನಾನು ಮೆಣಸಿನಕಾಯಿ ತಿರುವಿಹಾಕತೊಡಗಿದೆ.

ಸೋಮವಾರ ಮೀಸೆಯವರು ಹೇಳಿದಂತೆ ಬಂದರು. ಬಂದು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಹಾಡಿದರು. ಮಿಸ್ ಆ ಮೀಸೆಯವರನ್ನೂ ಎರಡು ಕಡೆ ತಿದ್ದಿದರು. ಸಾಹೇಬರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, ಹಾಡಿನ ತರಗತಿ ಇರಲಿ ಎಂದು ಒಪ್ಪಿದರು. ಮಿಸ್ ಮುಂದಿನ ಕೆಲವು ವಾರ ಕಳೆದದ್ದು ಮಕ್ಕಳ ಬಾಯಿಂದ ಆ ಕೆಮ್ಮು ತೆಗೆಯುವುದರಲ್ಲೇ. "ನಾ ಇಷ್ಟು ಕೆಮ್ಮತೇನಾ ಮಗಾ?" ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. ಸತ್ಯ ಹೇಳಿದರೆ ಮಾಡಿ ತೋರಿಸಬೇಕಾಗುತ್ತಿತ್ತು.

ಅಂದಿನಿಂದ ನಾನು ಪಠ್ಯೇತರ ಚಟುವಟಿಕೆಗಳ ದೊಡ್ಡ ವಕೀಲನಾಗಿಬಿಟ್ಟೆ. ರೈಲಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳತೊಡಗಿದೆ: ಪುಸ್ತಕದಲ್ಲಿ ಇಲ್ಲದ್ದನ್ನು ಕಲಿತ ಮಗುವೇ ನಿಜವಾಗಿ ಕಲಿತದ್ದು, ಇದನ್ನು ಕತ್ತರಿಸಬಾರದು, ಖರ್ಚಿನ ಮುಖ ನೋಡಬಾರದು. ಇದೇ ಹುರುಪಿನಲ್ಲಿ, ಒಂಬತ್ತನೆಯ ತರಗತಿಯವರನ್ನು ಅಷ್ಟೂರಿಗೆ ಕರೆದೊಯ್ದು ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳನ್ನು ತೋರಿಸುವ ನನ್ನ ವಾರ್ಷಿಕ ಪ್ರವಾಸಕ್ಕೆ ಗಾಡಿ ಕೇಳಲು ಮಿಲ್ಲಿಗೆ ಹೋದೆ.

ಸಾಹೇಬರು ಒಂದು ಕಣ್ಣು ಮುಚ್ಚಿದರು. ಬೆರಳು ಮತ್ತೆ ಆಡುತ್ತಿತ್ತು. "ಮಾಸ್ತರ್, ಮಿಸ್ಸಿನ ಪಗಾರ ಎಲ್ಲಿಂದರ ತೆಗೀಬೇಕಲ್ಲ. ಅಷ್ಟೂರಿನಾಗ ಸುಲ್ತಾನ್ರು ಮಲಗ್ಯಾರ, ಮಾತಾಡಂಗಿಲ್ಲ. ಮಲಗಿದವ್ರಿಗಿ ನೋಡ್ಲಾಕ ಗಾಡಿ ಯಾಕ? ನಿಮಗ ಎಲ್ಲಾರ ದನಿ ಬರ್ತದ. ಕ್ಲಾಸಿನಾಗೇ ಒಬ್ಬ ಜೀವಂತ ಸುಲ್ತಾನಗ ಎಬ್ಬಸರಿ. ಪೋರಗೋಳು ಖುಷ್, ಮಂಡಳಿನೂ ಖುಷ್."

ಹೀಗಾಗಿ ಈ ವರ್ಷ ನಮ್ಮ ಪ್ರವಾಸ ನಾಲ್ಕು ಗೋಡೆಗಳ ನಡುವೆಯೇ ನಡೆಯುತ್ತಿದೆ. ಸುಲ್ತಾನರು ಹೇಗೆ ಮಾತಾಡುತ್ತಿದ್ದರೆಂದು ಯಾವ ಪುಸ್ತಕದಲ್ಲೂ ಇಲ್ಲ. ಸದ್ಯಕ್ಕೆ ಒಂದು ಕಣ್ಣು ಮುಚ್ಚಿ, ಎರಡು ಬೆರಳು ಹೊಸಕುತ್ತ, "ಖಜಾನ್ಯಾಗ ರೊಕ್ಕ ಇಲ್ರಿ" ಎಂದು ಫರ್ಮಾನು ಹೊರಡಿಸುವ ಸುಲ್ತಾನನೊಬ್ಬನನ್ನು ನಾನು ಒದಗಿಸಿದ್ದೇನೆ. ಮಕ್ಕಳಿಗೆ ಬಹಳ ಹಿಡಿಸಿದ್ದಾನೆ. ಎಷ್ಟು ಹಿಡಿಸಿದ್ದಾನೆಂದರೆ, ವಾರ್ಷಿಕೋತ್ಸವಕ್ಕೆ ಬಹಮನಿ ದರ್ಬಾರಿನ ನಾಟಕ ಆಡುತ್ತೇವೆಂದು ಅವರೇ ತೀರ್ಮಾನಿಸಿ, ಸುಲ್ತಾನನ ಪಾತ್ರವನ್ನು ಭಾಗ್ಯಶ್ರೀಗೆ ಕೊಟ್ಟು, ನನಗೆ ಗೊತ್ತಾಗುವಷ್ಟರಲ್ಲಿ ಸೆಕ್ರೆಟರಿ ಸಾಹೇಬರನ್ನು ಮುಖ್ಯ ಅತಿಥಿಯಾಗಿ ಕರೆದು ಬಂದಿದ್ದಾರೆ. ಅವರು ಬಹಳ ಸಂತೋಷದಿಂದ ಒಪ್ಪಿದ್ದಾರಂತೆ. ನಾನು ಅವತ್ತಿನ ಮಟ್ಟಿಗೆ ರಜೆ ಕೇಳಿದೆ. ಹೆಡ್ ಮಾಸ್ತರರು ತಮ್ಮ ಕಪ್ಪಿನೊಳಗೆ ಇಣುಕಿದರು.