ಅತ್ತೆಗೆ ವಿಚ್ಛೇದನವಿಲ್ಲ

ನಲವತ್ತು ದಾಟಿದ ಮೇಲೆ ಪ್ರೀತಿಸುವುದಕ್ಕೆ ಮನಸ್ಸಿರುತ್ತದೆ, ರಜಾದಿನಗಳಲ್ಲಿ ಪುರುಸೊತ್ತೂ ಇರುತ್ತದೆ. ಇಲ್ಲದ್ದು ತ್ರಾಣ. ನಮ್ಮ ಸಿನಿಮಾಗಳಲ್ಲಿ ನಲವತ್ತಾರರ ನಟ ಕಾಲೇಜು ಕಾಂಪೌಂಡು ಹಾರಿ ನಾಯಕಿಗೆ ಹೂ ಕೊಡುತ್ತಾನೆ. ಆದರೆ ಕತೆಯಲ್ಲಿ ಯಾವನಿಗಾದರೂ ನಿಜವಾಗಿ ನಲವತ್ತಾರು ಎಂದಿದ್ದರೆ ಅವನು ನಾಯಕಿಯ ಅಪ್ಪ, ಸೋಫಾದ ಮೇಲೆ ಪೇಪರ್ ಓದುತ್ತಾ ಕೂತಿರುತ್ತಾನೆ. ನನಗೂ ಈಗ ಅದೇ ವಯಸ್ಸು. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಗಿನಿಂದ ಬೋರ್ಡಿನ ಮುಂದೆ ಕೂಗಿ ಕೂಗಿ ಸಂಜೆ ಮನೆಯ ಬೀಗ ತೆಗೆಯುವಾಗ, ಒಳಗೆ ಯಾರೂ ಇಲ್ಲವಲ್ಲ ಎಂಬ ಬೇಸರಕ್ಕಿಂತ ಮೊದಲು, ಯಾರ ಹತ್ತಿರವೂ ಮಾತಾಡಬೇಕಿಲ್ಲವಲ್ಲ ಎಂಬ ನೆಮ್ಮದಿ ಬರುತ್ತದೆ. ಬೇಸರ ಸ್ವಲ್ಪ ತಡವಾಗಿ, ಅನ್ನಕ್ಕಿಟ್ಟ ಕುಕ್ಕರ್ ಕೂಗುವ ಹೊತ್ತಿಗೆ ಬರುತ್ತದೆ.

ನನಗೆ ವಿಚ್ಛೇದನವಾಗಿ ಕೆಲವು ವರ್ಷಗಳಾದವು. ಧಾರಾವಾಹಿಗಳಲ್ಲಿ ತೋರಿಸುವ ಹಾಗೆ ಗಾಜು ಒಡೆಯಲಿಲ್ಲ, ಯಾರೂ ಯಾರ ಕೆನ್ನೆಗೂ ಹೊಡೆಯಲಿಲ್ಲ, ಹಿನ್ನೆಲೆಯಲ್ಲಿ ಪಿಟೀಲೂ ಬಾರಿಸಲಿಲ್ಲ. ನನ್ನ ಹೆಂಡತಿ ಹೇಮಾ ಒಂದು ದಿನ, ಇನ್ನು ನನ್ನಿಂದ ಆಗೋದಿಲ್ಲ ಎಂದಳು. ನಾನು ಯಾಕೆ ಎಂದು ಕೇಳಬೇಕಿತ್ತು. ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ಕೇಳಲಿಲ್ಲ. ಈಗ ಅವಳು ಮೈಸೂರಿನಲ್ಲಿ ಬೇರೆ ಮದುವೆಯಾಗಿ ಚೆನ್ನಾಗಿದ್ದಾಳೆ. ಆದರೆ ಕೋರ್ಟಿನ ತೀರ್ಪಿನಲ್ಲಿ ಅವಳ ತಾಯಿ ಜಯಮ್ಮನವರ ಬಗ್ಗೆ ಒಂದು ಮಾತೂ ಇರಲಿಲ್ಲ. ಅವರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ತೀರ್ಪು ಬಂದ ವಾರವೇ ಫೋನ್ ಮಾಡಿ, ಟಿವಿಯಲ್ಲಿ ಬರೀ ನೀಲಿ ಬತ್ತಾ ಐತೆ, ಬಂದು ನೋಡು ಅಂದರು. ಹೋಗಿ ಸೆಟ್ ಟಾಪ್ ಬಾಕ್ಸಿನ ವೈರು ಸರಿಮಾಡಿ, ಕಾಫಿ ಕುಡಿದು ಬಂದೆ. ದಾರಿಯಲ್ಲಿ ಹೊಳೆಯಿತು: ಮದುವೆಯಾಗಿದ್ದಷ್ಟು ಕಾಲವೂ 'ಅಳಿಯಂದ್ರು ಬನ್ನಿ, ಅಳಿಯಂದ್ರು ಕೂತ್ಕೊಳಿ' ಎನ್ನುತ್ತಿದ್ದವರು ಈಗ ನನ್ನನ್ನು 'ಸುರೇಶ', 'ನೀನು' ಅನ್ನತೊಡಗಿದ್ದಾರೆ. ವಿಚ್ಛೇದನದಿಂದ ನನಗೆ ಸಿಕ್ಕ ಬಡ್ತಿ ಅದೊಂದೇ. ನಾನು ಮಾತ್ರ ಅವರನ್ನು ಅತ್ತೆ ಎಂದೇ ಕರೆದೆ. ಮಾಜಿ ಮಂತ್ರಿ, ಮಾಜಿ ಶಾಸಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಮಾಜಿ ಅತ್ತೆ ಎಂಬ ಪದ ಮಾತ್ರ ಇನ್ನೂ ಹುಟ್ಟಿಲ್ಲ.

ಹೀಗಿರುವಾಗ ಸ್ಟಾಫ್ ರೂಮಿನಲ್ಲಿ ಬೇಲೂರಿನ ಸಹೋದ್ಯೋಗಿಯೊಬ್ಬರು ಭಾರತಿ ಎಂಬವರ ವಿಷಯ ತೆಗೆದರು. ಹಳೇಬೀಡಿನಲ್ಲಿ ನರ್ಸು, ಅವರಿಗೂ ವಿಚ್ಛೇದನವಾಗಿದೆ, ಒಂದು ಸಲ ನೋಡಿ ಮಾತಾಡಿ ಎಂದರು. ನಾನು ಇಲ್ಲ ಎನ್ನುವುದಕ್ಕೂ ಸುಸ್ತಾಗಿ ಸರಿ ಎಂದೆ. ಆ ವಾರ ಜಯಮ್ಮನವರ ಟಿವಿ ಮತ್ತೆ ಕೆಟ್ಟಿತು. ಅವರು ನೋಡುವ ಧಾರಾವಾಹಿಯಲ್ಲೂ ನಾಯಕಿಗೆ ಡಿವೋರ್ಸ್ ಆಗಿತ್ತು. ಎರಡನೇ ಗಂಡ ತಾಳಿ ಹಿಡಿದುಕೊಂಡು ತಿಂಗಳುಗಟ್ಟಲೆ ನಿಂತೇ ಇದ್ದ, ಕಟ್ಟಲು ಯಾರೂ ಬಿಡುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಚಿತ್ರ ನಿಂತರೆ ಯಾರಿಗೆ ತಡೆಯುತ್ತದೆ? ನಾನು ಹೋಗಿ ಹೇಗೋ ಚಿತ್ರ ಬರುವ ಹಾಗೆ ಮಾಡಿದ ಮೇಲೆ, ಭಾನುವಾರ ಬಂದು ಪೂರ್ತಿ ನೋಡು ಎಂದರು. ಭಾನುವಾರ ಹಳೇಬೀಡಿಗೆ ಹೋಗ್ತಿದೀನಿ ಎಂದು ಬಾಯಿ ತಪ್ಪಿ ಅಂದೆ. ಏನು ಕೆಲಸ ಎಂದು ಕೇಳಿದರು. ನಾನು ರಿಮೋಟಿನ ಸೆಲ್ಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ. ಅಷ್ಟು ಸಾಕಾಯಿತು ಅವರಿಗೆ.

"ನಾನೂ ಬತ್ತೀನಿ," ಎಂದರು. "ನಿಮ್ಮಮ್ಮ ಇದ್ದಿದ್ರೆ ಬತ್ತಿರ್ಲಿಲ್ವಾ?"

ನಿಮ್ಮನ್ನು ಏನಂತ ಪರಿಚಯ ಮಾಡಿಕೊಡಲಿ ಎಂದು ಕೇಳಿದೆ. ಅತ್ತೆ ಅನ್ನು, ಸೋದರತ್ತೆ ಅಂದ್ಕೊಂತಾರೆ ಎಂದರು. ಗಣಿತದ ಮೇಷ್ಟ್ರಾಗಿ ಒಪ್ಪಲೇಬೇಕು, ಲೆಕ್ಕದಲ್ಲಿ ತಪ್ಪಿರಲಿಲ್ಲ.

ಭಾನುವಾರ ಬಸ್ಸಿನಲ್ಲಿ ಜಯಮ್ಮನವರು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದು, ತೊಡೆಯ ಮೇಲೆ ಹೂವು ಹಣ್ಣಿನ ಚೀಲ ಇಟ್ಟುಕೊಂಡು, ಬಾಣಾವರ ಬರುವುದರೊಳಗೆ ನಿದ್ದೆ ಹೋದರು. ನಾನು ಕಿಟಕಿಗೆ ತಲೆಯೊರಗಿಸಿ, ಭಾರತಿಯವರ ಹತ್ತಿರ ಮೊದಲು ಏನು ಮಾತಾಡಬೇಕೆಂದು ಯೋಚಿಸಿದೆ. ಜಾವಗಲ್ ದಾಟಿದರೂ 'ಚೆನ್ನಾಗಿದೀರಾ' ಎಂಬುದರ ಮುಂದಕ್ಕೆ ಹೋಗಲಾಗಲಿಲ್ಲ. ಹಳೇಬೀಡಿನ ಕೆರೆಯ ಬಳಿ ಒಂದು ಜೋಡಿಯ ಪ್ರೀ ವೆಡ್ಡಿಂಗ್ ಶೂಟು ನಡೆದಿತ್ತು. ಹುಡುಗಿಯ ಉದ್ದನೆಯ ಗೌನನ್ನು ಒಬ್ಬ ಎತ್ತಿ ಗಾಳಿಗೆ ಬಿಡುತ್ತಿದ್ದ, ಫೋಟೋಗ್ರಾಫರ್ ಹುಡುಗನಿಗೆ ಇನ್ನೊಂದು ಸಲ ಓಡಿ ಬಾ ಎನ್ನುತ್ತಿದ್ದ. ಹುಡುಗ ಏದುಸಿರು ಬಿಡುತ್ತಿದ್ದ. ಪಾಪ, ಇವನಿಗೆ ಮದುವೆಗೆ ಮೊದಲೇ ಸುಸ್ತಾಗಿದೆ ಎಂದುಕೊಂಡು ಮುಂದೆ ನಡೆದೆ.

ಭಾರತಿಯವರ ಬಾಡಿಗೆ ಮನೆ ಚಿಕ್ಕದು, ಅಚ್ಚುಕಟ್ಟು. ಒಬ್ಬರೇ ಇದ್ದರು. ಅಣ್ಣ ಬರುತ್ತೇನೆಂದಿದ್ದರಂತೆ, ನನ್ನ ವಿಷಯ ನಾನೇ ಮಾತಾಡ್ಕೋತೀನಿ ಎಂದು ಇವರೇ ಬೇಡ ಅಂದಿದ್ದರಂತೆ. ಹಿಂದಿನ ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದ ಕಣ್ಣು. ಉಪ್ಪಿಟ್ಟು ಕೊಡುತ್ತಾ ಆಕಳಿಸಿದರು, ಕ್ಷಮಿಸಿ ಎಂದರು. ಆ ಆಕಳಿಕೆಯನ್ನು ಕಂಡು ನನಗೆ ಅವರ ಮೇಲೆ ಮನಸ್ಸಾಯಿತು ಎಂದರೆ ನೀವು ನಗುತ್ತೀರಿ. ಆದರೆ ನನ್ನ ಹಾಗೇ ದಣಿದ ಇನ್ನೊಂದು ಜೀವವನ್ನು ನಾನು ಅಷ್ಟು ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು.

ಇವರು ನಮ್ಮ ಅತ್ತೆ ಎಂದೆ. ಭಾರತಿಯವರು ಅವರಿಗೆ ಕಾಫಿ ಕೊಟ್ಟು, ಯಾವ ಕಡೆ ಅತ್ತೆ ಎಂದು ಸಹಜವಾಗಿ ಕೇಳಿದರು. ನಾನು ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ತಟ್ಟೆಯ ಅಂಚಿಗೆ ಜೋಡಿಸತೊಡಗಿದೆ. ಜಯಮ್ಮನವರು ನನ್ನ ಮುಖ ನೋಡಿದರು, ಭಾರತಿಯವರ ಮುಖ ನೋಡಿದರು. ಬಾಯಲ್ಲಿ ಸುಳ್ಳು ಬರಲಿಲ್ಲ.

"ಹೆಣ್ಣು ಕೊಟ್ಟ ಅತ್ತೆ ಕಣಮ್ಮ. ಬಿಟ್ಟು ಹೋದೋಳು ನನ್ನ ಮಗಳೇ."

ಇನ್ನು ಚಪ್ಪಲಿ ಹಾಕಿಕೊಳ್ಳುವುದೊಂದೇ ಬಾಕಿ ಎಂದು ನಾನು ತಟ್ಟೆ ಕೆಳಗಿಟ್ಟೆ. ಭಾರತಿಯವರು ಏಳಲಿಲ್ಲ. ಕುರ್ಚಿಯನ್ನು ಜಯಮ್ಮನವರ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ನಿಮ್ಮ ಮಗಳು ಇವರನ್ನ ಯಾಕೆ ಬಿಟ್ರು?"

"ಕೆಟ್ಟೋನಲ್ಲಮ್ಮ. ಕುಡಿಯಲ್ಲ, ಕೈ ಎತ್ತಲ್ಲ. ಮಾತೇ ಆಡಲ್ಲ. ನನ್ನ ಮಗಳು ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಗಿ ಹೋದ್ಲು. ಅವಳು ಹೋಗಿದ್ದು ತಪ್ಪು ಅಂತ ನಾನು ಹೇಳಲ್ಲ. ಇವನು ಬೇಡ ಅಂತ್ಲೂ ಹೇಳಲ್ಲ."

ಇಷ್ಟು ವರ್ಷ ಕಾಫಿ ಕುಡಿದ ಮನೆಯ ಹೆಂಗಸು ಬೇರೆ ಊರಿನ ಬೇರೆ ಮನೆಯಲ್ಲಿ ಕೂತು ನನ್ನ ಸಂಸಾರದ ಕತೆಯನ್ನು ಇಷ್ಟರಲ್ಲೇ ಮುಗಿಸಿಬಿಟ್ಟರು. ನನಗೆ ಕೋಪ ಬರಬೇಕಿತ್ತು. ಬಂದದ್ದು, ಉತ್ತರವೇ ಸಿಗದೆ ಬಿಟ್ಟಿದ್ದ ಲೆಕ್ಕಕ್ಕೆ ಬೇರೆಯವರು ಉತ್ತರ ಬರೆದಾಗ ಆಗುವ ಥರದ ನಾಚಿಕೆ. ಭಾರತಿಯವರು, ತಮ್ಮ ಮೊದಲ ಗಂಡ ಒಂದು ನಿಮಿಷವೂ ಸುಮ್ಮನಿರುತ್ತಿರಲಿಲ್ಲ, ಅದರಲ್ಲಿ ಒಂದು ಮಾತೂ ನಿಜವಿರುತ್ತಿರಲಿಲ್ಲ ಎಂದರು. ಆಮೇಲೆ, ಇದು ಮುಂದುವರಿದರೆ ನೀವು ಇವರ ಮನೆಗೆ ಹೀಗೇ ಬರುತ್ತಾ ಹೋಗುತ್ತಾ ಇರುತ್ತೀರಾ ಎಂದು ಜಯಮ್ಮನವರನ್ನು ಕೇಳಿದರು. ಜಯಮ್ಮನವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

"ನೀನು ಬೇಡ ಅಂದ್ರೆ ಬರಲ್ಲ ಕಣವ್ವ."

"ಬೇಡ ಅಂತ ನಾನೆಲ್ಲಿ ಅಂದೆ? ನಿಜ ಹೇಳೋರು ಒಬ್ರಾದ್ರೂ ಇರ್ಲಿ."

ಮದುವೆಯ ಮಾತನ್ನು ಅವತ್ತು ಯಾರೂ ಆಡಲಿಲ್ಲ. ಸದ್ಯಕ್ಕೆ ಪ್ರತಿ ಸಂಜೆ ಫೋನ್ ಮಾಡಿ, ನೀವೇ ಮಾತಾಡಬೇಕು, ನಾನು ಕೇಳ್ತೀನಿ, ಮಿಕ್ಕಿದ್ದು ಆಮೇಲೆ ನೋಡೋಣ ಎಂದು ಭಾರತಿಯವರು ಹೇಳಿ ಕಳಿಸಿದರು. ವಾಪಸು ಬಸ್ಸಿನಲ್ಲಿ ನಾನು ಜಯಮ್ಮನವರನ್ನು, ಇದನ್ನು ಆಗಲೇ ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ಆಗ ನೀನು ಅಳಿಯಂದ್ರು, ಹೆಂಗಪ್ಪಾ ಹೇಳೋದು ಎಂದು ಕಣ್ಣು ಮುಚ್ಚಿದರು.

ಫೋನು ಹಿಡಿದ ಮೊದಲ ಸಂಜೆಗಳು ಯಾರಿಗೂ ಬೇಡ. ಹವಾಮಾನ ಒಂದೇ ಉಸಿರಿಗೆ ಮುಗಿಯುತ್ತಿತ್ತು, ಮಕ್ಕಳ ಮಾರ್ಕ್ಸು ಇನ್ನೊಂದಕ್ಕೆ. ಆಮೇಲೆ ಇಬ್ಬರೂ ಫ್ಯಾನಿನ ಸದ್ದು ಕೇಳುತ್ತಿದ್ದೆವು. ನಿನ್ನೆ ಮಾತ್ರ ಏನಾಯಿತೋ, ಹೆಡ್‌ಮಾಸ್ಟರು ಸಿಡುಕಿದ್ದು, ಕೊಬ್ಬರಿ ತುಂಬಿದ ಲಾರಿ ನಮ್ಮ ಬೀದಿಯಲ್ಲಿ ಸಿಕ್ಕಿಕೊಂಡಿದ್ದು, ಅದರಿಂದ ನಮ್ಮಪ್ಪನ ನೆನಪಾದದ್ದು, ಅವರೂ ಮನೆಯಲ್ಲಿ ಮಾತೇ ಆಡದಿದ್ದದ್ದು, ಹೀಗೆ ಒಂದರ ಹಿಂದೊಂದು ಬಾಯಿಗೆ ಬಂದು, ಒಲೆಯ ಮೇಲಿನ ಸಾರು ತಳ ಹಿಡಿದರೂ ನಿಲ್ಲಿಸದೆ ಹೇಳುತ್ತಲೇ ಹೋದೆ. ಕೊನೆಗೆ ಆ ಕಡೆಯಿಂದ ಆಕಳಿಕೆ ಕೇಳಿಸಿತು. "ಇವತ್ತಿಗೆ ಸಾಕು ಕಣ್ರೀ, ಸ್ವಲ್ಪ ಸುಮ್ನಿರಿ," ಎಂದರು ಭಾರತಿ. ಒಬ್ಬ ಹೆಣ್ಣುಮಗಳು ನನಗೆ ಸುಮ್ಮನಿರು ಎಂದದ್ದು ಇದೇ ಮೊದಲು. ಆ ಹೆಮ್ಮೆಯಲ್ಲಿ ನಾನು ಸೀದ ಸಾರನ್ನೇ ಅನ್ನಕ್ಕೆ ಕಲಸಿಕೊಂಡು, ಚೆನ್ನಾಗಿದೆ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡು ತಿಂದೆ.